ಮೇರಿ ಸ್ಟೋಪ್ಸ್: ಕಲ್ಲಿದ್ದಲಿನ ಲ್ಯಾಬಿನಿಂದ ತಾಯಂದಿರ ಕ್ಲಿನಿಕ್‌ವರೆಗೆ

ಇದ್ದಲು ಮಸಿ

ನಾನು ಕಲ್ಲಿದ್ದಲು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಗಣಿಯಿಂದ ಬಂದ ತುಂಡನ್ನು ಪುಡಿ ಮಾಡಿ, ರಾಳದಲ್ಲಿ ಕೂರಿಸಿ, ಬಿಲ್ಲೆ ಮಾಡಿ, ಕನ್ನಡಿ ಹಾಗೆ ಹೊಳೆಯುವ ತನಕ ಉಜ್ಜಬೇಕು. ಅದರ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ಮೈಕ್ರೋಸ್ಕೋಪಿನ ಕೆಳಗಿಟ್ಟು, ಕಲ್ಲಿದ್ದಲಿನಲ್ಲಿ ಯಾವ ಘಟಕ ಎಷ್ಟಿದೆ ಅಂತ ಎಣಿಸಬೇಕು. ಒಂದು ಚುಕ್ಕಿ ವಿಟ್ರಿನೈಟ್, ಮುಂದಿನದು ಫ್ಯೂಸಿನೈಟ್. ಹೀಗೆ ಐನೂರು ಚುಕ್ಕಿ. ಸಂಜೆ ಹೊತ್ತಿಗೆ ಕಣ್ಣು ಮುಚ್ಚಿದರೂ ಬೂದುಬಣ್ಣದ ಪಟ್ಟೆಗಳೇ ಕಾಣಿಸುತ್ತವೆ.

ಹೋದ ತಿಂಗಳು ಟ್ರೈನಿಂಗಿಗೆ ಬಂದ ಹುಡುಗಿಯೊಬ್ಬಳು, "ಈ ಹೆಸರೆಲ್ಲ ಯಾರು ಇಟ್ಟಿದ್ದು ಸರ್?" ಅಂತ ಕೇಳಿದಳು. ನಮ್ಮ ಕೈಪಿಡಿಯಲ್ಲಿ "ಸ್ಟೋಪ್ಸ್-ಹೀರ್ಲೆನ್ ಪದ್ಧತಿ" ಎಂದಿದೆ. ಸ್ಟೋಪ್ಸ್ ಅಂದರೆ ಯಾವನೋ ಗಡ್ಡದ ಸಾಹೇಬ ಇರಬೇಕು ಎಂದುಕೊಂಡು ಹದಿನಾಲ್ಕು ವರ್ಷ ಕಳೆದಿದ್ದೇನೆ. ಹುಡುಕಿ ನೋಡಿದರೆ ಹೆಂಗಸು! ಮೇರಿ ಸ್ಟೋಪ್ಸ್. ಅಷ್ಟೇ ಅಲ್ಲ, ಲಂಡನ್ನಿನಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದ ಮೇರಿ ಸ್ಟೋಪ್ಸ್ ಕೂಡ ಇವರೇ. ಇಬ್ಬರು ಬೇರೆ ಬೇರೆ ಇರಬೇಕು ಅಂತ ಎರಡು ದಿನ ನಂಬಿದ್ದೆ.

ಓದಿದ್ದನ್ನು ಹೇಳಿಬಿಡುತ್ತೇನೆ. ಹುಟ್ಟಿದ್ದು 1880ರಲ್ಲಿ, ಎಡಿನ್‌ಬರೋದಲ್ಲಿ. ಅಪ್ಪನಿಗೆ ಕಲ್ಲಾಯುಧ, ಪಳೆಯುಳಿಕೆ ಕೂಡಿಡುವ ಹುಚ್ಚು. ಅಮ್ಮ ಷೇಕ್ಸ್‌ಪಿಯರ್ ಪಂಡಿತೆ, ಹೆಂಗಸರ ಮತದ ಹಕ್ಕಿಗಾಗಿ ಹೋರಾಡಿದವರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎರಡೇ ವರ್ಷದಲ್ಲಿ ಬಿಎಸ್ಸಿ ಮುಗಿಸಿದರು, 1902ರಲ್ಲಿ. ಆಮೇಲೆ ಮ್ಯೂನಿಕ್‌ಗೆ ಹೋಗಿ 1904ರಲ್ಲಿ ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್. ಅದೇ ವರ್ಷ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕೆಲಸ. ಅಲ್ಲಿ ವಿಜ್ಞಾನ ಪಾಠ ಮಾಡಿದ ಮೊದಲ ಹೆಂಗಸು ಇವರು.

1919ರಲ್ಲಿ ಒಂದು ಪ್ರಬಂಧ ಬರೆದರು. ಪಟ್ಟೆಪಟ್ಟೆ ಕಲ್ಲಿದ್ದಲನ್ನು ಬರಿಗಣ್ಣಿನಲ್ಲೇ ನಾಲ್ಕು ಬಗೆಯಾಗಿ ಬಿಡಿಸಬಹುದು ಎಂದು ತೋರಿಸಿದರು. ವಿಟ್ರೇನ್, ಕ್ಲಾರೇನ್, ಡ್ಯೂರೇನ್, ಫ್ಯೂಸೇನ್. 1935ರಲ್ಲಿ ಇನ್ನೊಂದು ಹೆಜ್ಜೆ. ಬಂಡೆಯಲ್ಲಿ ಮಿನರಲ್ ಇರುವ ಹಾಗೆ ಕಲ್ಲಿದ್ದಲಿನಲ್ಲಿ ಇರುವುದನ್ನು "ಮ್ಯಾಸರಲ್" ಅನ್ನೋಣ ಎಂದರು. ಇವತ್ತಿಗೂ ಜಗತ್ತಿನ ಎಲ್ಲ ಕಲ್ಲಿದ್ದಲು ಲ್ಯಾಬುಗಳಲ್ಲಿ ನಡೆಯುತ್ತಿರುವುದು ಅದೇ ಮಾತು.

ಇಲ್ಲಿಯವರೆಗೆ ಖುಷಿಯಾಗಿತ್ತು. ಮುಂದೆ ಓದಿದೆ. ಬಡವರು, ರೋಗಿಷ್ಟರು, "ಅಯೋಗ್ಯರು" ಮಕ್ಕಳನ್ನು ಹೆರಬಾರದು, ಬೇಕಾದರೆ ಕಾನೂನು ತಂದು ಸಂತಾನಹರಣ ಮಾಡಿಸಬೇಕು ಎಂದು ಬರೆದವರೂ ಇವರೇ. ಕಲ್ಲಿದ್ದಲನ್ನು ನಾಲ್ಕು ಬಗೆ ಮಾಡಿದ ಕಣ್ಣೇ ಮನುಷ್ಯರನ್ನೂ ಹಾಗೆ ಬಗೆ ಮಾಡಿತೇ ಅಂತ ತಲೆಯಲ್ಲಿ ಕೊರೆಯುತ್ತಿದೆ. ತಿಳಿದವರು ಹೇಳಿ.

ಎರಡನೇ ಬೆಂಚು

ಜಿಯಾಲಜಿ ಎಂಎಸ್ಸಿ ಓದ್ತಿದ್ದೀನಿ. ನಮಗೆ ಮ್ಯಾಸರಲ್ ಪಾಠ ಆಯಿತು, ಆದರೆ ಆಕೆಯ ಹೆಸರನ್ನೇ ಯಾರೂ ಹೇಳಲಿಲ್ಲ!

ಒಂದು ಕಥೆ ಗೊತ್ತು. 1904ರಲ್ಲಿ ಆಕೆಗೆ ದಕ್ಷಿಣ ಧ್ರುವದ ಕ್ಯಾಪ್ಟನ್ ಸ್ಕಾಟ್ ಸಿಕ್ಕಿದ್ದ. "ನನ್ನನ್ನೂ ಅಂಟಾರ್ಕ್ಟಿಕಾಕ್ಕೆ ಕರ್ಕೊಂಡು ಹೋಗಿ" ಅಂತ ಪಟ್ಟು ಹಿಡಿದರಂತೆ. ಆಕೆಗೆ ಬೇಕಿದ್ದದ್ದು ಗ್ಲಾಸಾಪ್ಟೆರಿಸ್ ಅನ್ನೋ ಗಿಡದ ಪಳೆಯುಳಿಕೆ. ಎಲೆ ನಾಲಿಗೆ ಆಕಾರದಲ್ಲಿರುತ್ತೆ, ಹೆಸರಿನ ಅರ್ಥವೂ ಅದೇ. ಅದು ಅಂಟಾರ್ಕ್ಟಿಕಾದಲ್ಲಿ ಸಿಕ್ಕಿದರೆ ಭಾರತ, ಆಸ್ಟ್ರೇಲಿಯಾ, ಆಫ್ರಿಕಾ, ದಕ್ಷಿಣ ಅಮೆರಿಕ ಎಲ್ಲ ಒಂದು ಕಾಲದಲ್ಲಿ ಒಂದೇ ನೆಲ ಅನ್ನೋ ವಾದಕ್ಕೆ ಬಲ ಬರುತ್ತಿತ್ತು. ಸ್ಕಾಟ್ ಕರ್ಕೊಂಡು ಹೋಗಲಿಲ್ಲ. ಆದರೆ 1912ರಲ್ಲಿ ಅವನ ಟೆಂಟ್ ಸಿಕ್ಕಾಗ ಹೆಣಗಳ ಜೊತೆ ಸುಮಾರು 16 ಕೆಜಿ ಕಲ್ಲುಗಳೂ ಇದ್ದವು. ಹಸಿವಿನಿಂದ ಸಾಯ್ತಿದ್ದವರು ಆ ಭಾರ ಎಳ್ಕೊಂಡು ಬಂದಿದ್ದರು. ಅದರಲ್ಲಿ ಗ್ಲಾಸಾಪ್ಟೆರಿಸ್ ಇತ್ತು!

ಮತ್ತೆ ಆ ಒಂದೇ ನೆಲಕ್ಕೆ ಇಟ್ಟ ಹೆಸರು ಗೊಂಡ್ವಾನ. ನಮ್ಮ ಮಧ್ಯಭಾರತದ ಗೊಂಡರ ನಾಡಿನಿಂದ ಬಂದದ್ದು.

ಇದ್ದಲು ಮಸಿ

@ಎರಡನೇ ಬೆಂಚು ನಮ್ಮ ಶಕ್ತಿನಗರದಲ್ಲಿ ಉರಿಯುವ ಸಿಂಗರೇಣಿ ಕಲ್ಲಿದ್ದಲು ಕೂಡ ಅದೇ ಗ್ಲಾಸಾಪ್ಟೆರಿಸ್ ಕಾಡಿನದು. ಆಕೆ ನೋಡಿದ ಇಂಗ್ಲೆಂಡಿನ ಕಲ್ಲಿದ್ದಲು ಅದಕ್ಕಿಂತ ಹಳೆಯದು, ಗಿಡಗಳೂ ಬೇರೆ. ಹಾಗಿದ್ದರೂ ಆಕೆಯ ಹೆಸರುಗಳು ಇಲ್ಲಿಗೂ ಹೊಂದುತ್ತವೆ. ನಮ್ಮದರಲ್ಲಿ ಬೂದಿ ಜಾಸ್ತಿ, ಇನರ್ಟಿನೈಟ್ (ಫ್ಯೂಸಿನೈಟ್ ಸೇರುವ ಗುಂಪು) ಜಾಸ್ತಿ, ಅದು ಬೇರೆ ಗೋಳು.

ರಿಟೈರ್ಡ್ ಸಿಸ್ಟರ್

ನಾನು ಮೂವತ್ತೆರಡು ವರ್ಷ ಎಎನ್‌ಎಂ ಆಗಿದ್ದವಳು. ಕಲ್ಲಿದ್ದಲು ನನಗೆ ಗೊತ್ತಿಲ್ಲ. ಕ್ಲಿನಿಕ್ ಬಗ್ಗೆ ಯಾರಾದರೂ ಹೇಳ್ತೀರಾ? ಅಲ್ಲಿ ಯಾರು ಕೂರ್ತಿದ್ದರು, ಡಾಕ್ಟರಾ, ನರ್ಸಾ? ಏನು ಕೊಡ್ತಿದ್ದರು?

ಮ್ಯಾಂಚೆಸ್ಟರ್ ಮಳೆ

ಸಿಸ್ಟರ್, ನಾನು ಈ ಊರಿಗೆ ಬಂದು ಹನ್ನೊಂದು ವರ್ಷ ಆಯಿತು. ಸ್ಟೋಪ್ಸ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಕ್ಲಿನಿಕ್ ಶುರುವಾದದ್ದು 1921ರ ಮಾರ್ಚ್ 17ರಂದು. ಉತ್ತರ ಲಂಡನ್ನಿನ ಹಾಲೊವೇ ಎಂಬ ಕಡೆ, 61 ಮಾರ್ಲ್‌ಬರೋ ರಸ್ತೆ. ದುಡಿಯುವ ಜನರ ಬಡಾವಣೆ. ಹೆಸರು "ತಾಯಂದಿರ ಕ್ಲಿನಿಕ್". ಕೂರುತ್ತಿದ್ದವರು ಸೂಲಗಿತ್ತಿ ತರಬೇತಿ ಪಡೆದ ನರ್ಸ್‌ಗಳು. ಲೇಡಿ ಡಾಕ್ಟರ್ ಆಗಾಗ ಬಂದು ನೋಡುತ್ತಿದ್ದರು. ಸಲಹೆಗೆ ದುಡ್ಡಿಲ್ಲ. ಮದುವೆಯಾದ ಹೆಂಗಸರಿಗೆ ಮಾತ್ರ. ಕೊಡುತ್ತಿದ್ದದ್ದು ಮುಖ್ಯವಾಗಿ ರಬ್ಬರಿನ ಸಣ್ಣ ಟೋಪಿ, ಗರ್ಭಕೊರಳಿಗೆ ಹಾಕಿಕೊಳ್ಳುವಂಥದ್ದು. ಅದನ್ನು ಹೇಗೆ ಹಾಕಿಕೊಳ್ಳಬೇಕು, ಹೇಗೆ ತೆಗೆಯಬೇಕು ಅಂತ ನರ್ಸ್ ಕಲಿಸಿಕೊಡುತ್ತಿದ್ದಳು. ಟೋಪಿ ಆಗದವರಿಗೆ ಆಲಿವ್ ಎಣ್ಣೆಯಲ್ಲಿ ಅದ್ದಿದ ಸ್ಪಂಜು.

1925ರಲ್ಲಿ ಕ್ಲಿನಿಕ್ ಊರ ನಡುವಿನ ವಿಟ್‌ಫೀಲ್ಡ್ ರಸ್ತೆಗೆ ಹೋಯಿತು. ಆಮೇಲೆ ಕುದುರೆ ಎಳೆಯುವ ಗಾಡಿಯಲ್ಲೇ ಕ್ಲಿನಿಕ್ ಮಾಡಿ ಊರೂರಿಗೆ ಕಳಿಸಿದರು. ಲೀಡ್ಸ್, ಅಬರ್ಡೀನ್, ಬೆಲ್‌ಫಾಸ್ಟ್, ಕಾರ್ಡಿಫ್‌ನಲ್ಲೂ ಶಾಖೆ ಬಂದವು.

ದುಡ್ಡು ಎಲ್ಲಿಂದ? ಆಕೆಯ ಎರಡನೇ ಗಂಡ ಹಂಫ್ರಿ ವರ್ಡನ್ ರೋ. ಅಣ್ಣನ ಜೊತೆ ಸೇರಿ ಅವ್ರೋ ವಿಮಾನ ಕಂಪನಿ ಕಟ್ಟಿದ್ದವರು.

ಮೊದಲನೇ ಮದುವೆ ಕಥೆಯೇ ಬೇರೆ. 1911ರಲ್ಲಿ ಮಾಂಟ್ರಿಯಲ್‌ನಲ್ಲಿ ರೆಜಿನಾಲ್ಡ್ ರಗಲ್ಸ್ ಗೇಟ್ಸ್ ಎಂಬ ವಿಜ್ಞಾನಿಯನ್ನು ಮದುವೆಯಾದರು. ತನ್ನ ಹೆಸರು ಬದಲಾಯಿಸಲಿಲ್ಲ. ಸಂಸಾರ ಸರಿಹೋಗಲಿಲ್ಲ. ಏನು ಸರಿಯಿಲ್ಲ ಅಂತ ತಿಳಿಯಲು ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದಲ್ಲಿ ಕೂತು ಇಂಗ್ಲಿಷ್, ಫ್ರೆಂಚ್, ಜರ್ಮನ್ ವೈದ್ಯಕೀಯ ಪುಸ್ತಕಗಳನ್ನು ಓದಿದೆ ಎಂದು ಆಕೆಯೇ ಹೇಳಿಕೊಂಡಿದ್ದಾರೆ. ಡಾಕ್ಟರೇಟ್ ಮೇಲೆ ಡಾಕ್ಟರೇಟ್ ಮಾಡಿದ ಸಸ್ಯವಿಜ್ಞಾನಿ. ಜರಿಗಿಡದ ಹುಟ್ಟು ಗೊತ್ತು, ಹೂವಿನ ಅಂಡಕೋಶ ಗೊತ್ತು. ತನ್ನ ಮದುವೆಯಲ್ಲಿ ಏನು ನಡೆಯಬೇಕಿತ್ತು ಅನ್ನುವುದು ಗೊತ್ತಿರಲಿಲ್ಲ! ಗಂಡ-ಹೆಂಡತಿ ಸಂಬಂಧ ಆಗಲೇ ಇಲ್ಲವೆಂದು ಕೋರ್ಟಿಗೆ ಹೋದರು. 1916ರಲ್ಲಿ ಮದುವೆ ರದ್ದಾಯಿತು. ಗೇಟ್ಸ್ ಮಾತ್ರ ಈ ಕಥೆಯನ್ನು ಒಪ್ಪಲಿಲ್ಲ, ಅದನ್ನೂ ಹೇಳಬೇಕು.

ಆ ನೋವಿನಿಂದ ಬಂದ ಪುಸ್ತಕ "ಮ್ಯಾರೀಡ್ ಲವ್", 1918. ಆಕೆಯ ವಿಜ್ಞಾನದ ಪುಸ್ತಕ ಅಚ್ಚು ಹಾಕಿದ್ದ ಪ್ರಕಾಶಕರು ಇದನ್ನು ಮುಟ್ಟಲಿಲ್ಲ. ರೋ 200 ಪೌಂಡ್ ಕೊಟ್ಟ ಮೇಲೆ ಚಿಕ್ಕ ಪ್ರಕಾಶಕನೊಬ್ಬ ತಂದ. ಎರಡು ವಾರದಲ್ಲಿ 2000 ಪ್ರತಿ ಖಾಲಿ. ಅಮೆರಿಕದಲ್ಲಿ ಅಶ್ಲೀಲ ಅಂತ ನಿಷೇಧ ಇತ್ತು, 1931ರಲ್ಲಿ ಜಡ್ಜ್ ವೂಲ್ಸಿ ತೆಗೆದುಹಾಕಿದ. "ಮ್ಯಾರೀಡ್ ಲವ್" ಬಂದ ವರ್ಷದ ಕೊನೆಗೇ, 1918ರ ನವೆಂಬರಿನಲ್ಲಿ, "ವೈಸ್ ಪೇರೆಂಟ್‌ಹುಡ್". ಮಕ್ಕಳನ್ನು ಬೇಕಾದಾಗ ಮಾತ್ರ ಹೆರುವುದು ಹೇಗೆ ಅಂತ ಹೇಳಿದ ಸಣ್ಣ ಪುಸ್ತಕ.

ಅಡ್ಡಮಾತು

ಇವರು ಭಾರತಕ್ಕೂ ಬಂದಿದ್ದರು ಅಲ್ವಾ? ವಾರ್ಧಾದಲ್ಲಿ ಗಾಂಧೀಜಿ ಜೊತೆ ಜಗಳ ಆಡಿದ್ದು ಇವರೇ ತಾನೇ?

ಗಿರಗಾಂವ್ ಗಡಿಯಾರ

ಅಲ್ಲ ಮಾರಾಯ್ರೆ. ಅದು ಅಮೆರಿಕದ ಮಾರ್ಗರೆಟ್ ಸ್ಯಾಂಗರ್, 1935ರ ಡಿಸೆಂಬರ್. ಈ ಇಬ್ಬರನ್ನೂ ಎಲ್ಲರೂ ಕಲಸುತ್ತಾರೆ. 1915ರಲ್ಲಿ ಲಂಡನ್ನಿನಲ್ಲಿ ಭೇಟಿಯಾಗಿದ್ದರು. ಸ್ಯಾಂಗರ್ ಹತ್ತಿರ ಕೇಳಿ ತಿಳಿದುಕೊಂಡವರೇ ಸ್ಟೋಪ್ಸ್. ಆಮೇಲೆ ಇಬ್ಬರಿಗೂ ಮುಖ ಕಂಡರೆ ಆಗುತ್ತಿರಲಿಲ್ಲ.

ನಾನು ಮುಂಬಯಿಯವನು. 1921ರಲ್ಲಿ ಲಂಡನ್ನಿನಲ್ಲಿ ಆ ಕ್ಲಿನಿಕ್ ಶುರುವಾದಾಗ ಅದೇ ವರ್ಷ ಇಲ್ಲಿ ರಘುನಾಥ ಧೋಂಡೋ ಕರ್ವೆ ಸಂತಾನ ನಿಯಂತ್ರಣ ಕೇಂದ್ರ ತೆರೆದಿದ್ದರು. ವಿಧವೆಯರ ಶಿಕ್ಷಣಕ್ಕೆ ದುಡಿದ ಮಹರ್ಷಿ ಕರ್ವೆಯ ಮಗ. ಗಣಿತದ ಮೇಷ್ಟ್ರು. ಈ ಕೆಲಸ ಬಿಡು, ಇಲ್ಲ ಕಾಲೇಜು ಬಿಡು ಅಂದಾಗ ಕಾಲೇಜು ಬಿಟ್ಟರು. 1927ರಿಂದ 1953ರವರೆಗೆ "ಸಮಾಜಸ್ವಾಸ್ಥ್ಯ" ಅನ್ನೋ ಮರಾಠಿ ಮಾಸಿಕ ತಂದರು. ಅಶ್ಲೀಲದ ಕೇಸು ಬಿದ್ದಾಗ ಅವರ ಪರ ವಾದಿಸಿದವರಲ್ಲಿ ಅಂಬೇಡ್ಕರ್ ಕೂಡ ಒಬ್ಬರು. ಲಂಡನ್ನಿನ ಹೆಂಗಸಿಗೆ ವಿಮಾನ ಕಂಪನಿಯ ಗಂಡ ಇದ್ದ. ಕರ್ವೆಗೆ ಸಂಬಳವೂ ಇರಲಿಲ್ಲ.

ಹಳೇ ಕಾಗದ

ಮೈಸೂರನ್ನು ಬಿಟ್ಟೇಬಿಟ್ಟಿರಿ! 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಖರ್ಚಿನಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಿತು. ನಾಲ್ವಡಿಯವರ ಕಾಲ, ಮಿರ್ಜಾ ಸಾಹೇಬರು ದಿವಾನರು. ಸರ್ಕಾರವೇ ನಡೆಸಿದ ಇಂಥ ಕ್ಲಿನಿಕ್ ಜಗತ್ತಿನಲ್ಲೇ ಮೊದಲು ಅಂತ ಇತಿಹಾಸದ ಪುಸ್ತಕಗಳಲ್ಲಿ ಬರೆಯುತ್ತಾರೆ. ಲಂಡನ್ನಿನಲ್ಲಿ ಆಗ ಅದು ಇನ್ನೂ ಖಾಸಗಿಯವರ ಕೈಯಲ್ಲೇ ಇತ್ತು.

ಸುಮ್ನೆ ಒಂದು ನೆನಪು. ನಮ್ಮಮ್ಮನ ಅಲಮಾರಿನಲ್ಲಿ ಸೀರೆಗಳ ಕೆಳಗೆ ಒಂದು ಪುಸ್ತಕ ಇತ್ತು. ಹೊದಿಕೆ ಮಾತ್ರ ಹಳೇ ಕ್ಯಾಲೆಂಡರ್ ಹಾಳೆ, ಮೇಲೆ ಲಕ್ಷ್ಮಿಯ ಅರ್ಧ ಕೈ ಕಾಣ್ತಿತ್ತು. ಒಳಗೆ ಡಾ. ಅನುಪಮಾ ನಿರಂಜನರ "ದಾಂಪತ್ಯ ದೀಪಿಕೆ". ಅಕ್ಕನ ಮದುವೆ ಗೊತ್ತಾದ ವಾರ ಅದು ಅಲಮಾರಿನಿಂದ ಅಕ್ಕನ ಟ್ರಂಕಿಗೆ ಹೋಯಿತು. ಯಾರೂ ಒಂದು ಮಾತೂ ಆಡಲಿಲ್ಲ. ಲಂಡನ್ನಿನ ಎಷ್ಟು ಮನೆಗಳಲ್ಲಿ "ಮ್ಯಾರೀಡ್ ಲವ್" ಹೀಗೆ ಟ್ರಂಕಿಂದ ಟ್ರಂಕಿಗೆ ಹೋಗಿರಬೇಕು ಅನ್ನಿಸ್ತು.

ರಿಟೈರ್ಡ್ ಸಿಸ್ಟರ್

ನರ್ಸ್ ಕೂರ್ತಿದ್ದಳು ಅಂತ ಓದಿ ಸಮಾಧಾನ ಆಯಿತು. ಅದೇ ಸರಿ. ಹೆಂಗಸರು ಡಾಕ್ಟರ ಮುಂದೆ ಬಾಯಿ ಬಿಡೋದಿಲ್ಲ.

ನನ್ನ ಹತ್ತಿರ ಒಬ್ಬಳು ಬರ್ತಿದ್ದಳು. ನಾಲ್ಕು ಮಕ್ಕಳು, ಐದನೇದು ಹೋಗಿತ್ತು. ಪ್ರತಿ ಸಲ ಮಗುವಿನ ಚುಚ್ಚುಮದ್ದಿನ ಕಾರ್ಡ್ ಹಿಡಿದು ಬರೋಳು. ಚುಚ್ಚುಮದ್ದು ಎಲ್ಲ ಮುಗಿದಿದ್ದರೂ ಬರೋಳು. ಮೂರನೇ ಸಲ ನಾನೇ ಕೇಳಿದೆ, "ಏನವ್ವಾ ಬೇಕು?" ಬಾಗಿಲ ಕಡೆ ನೋಡಿ, "ಅವರಿಗೆ ತಿಳೀಬಾರದು" ಅಂದಳು. ಕಾಪರ್ ಟಿ ಹಾಕಿ ಕಳಿಸಿದೆ. ದಾರ ಸಣ್ಣದಾಗಿ ಕತ್ತರಿಸಿದೆ. ಹೋಗುವಾಗ ಕಾರ್ಡನ್ನು ಕೈಯಲ್ಲಿ ಎತ್ತಿ ಹಿಡ್ಕೊಂಡೇ ಹೋದಳು, ಎಲ್ಲರಿಗೂ ಕಾಣೋ ಹಾಗೆ.

ಇನ್ನೊಂದು ಮುಖವೂ ಇದೆ. ಮಾರ್ಚ್ ಬಂತೆಂದರೆ ಟಾರ್ಗೆಟ್. "ನಿನ್ನ ಕೇಸ್ ಎಷ್ಟಾಯ್ತು?" ಅಂತಲೇ ಕೇಳೋರು. ಹೆಂಗಸರ ಹೆಸರಲ್ಲ, ಕೇಸ್. ನಾನಿದ್ದ ಒಂದು ಕಡೆ ಕ್ಯಾಂಪಿನಲ್ಲಿ ಒಂದೇ ದಿನ ಆಗಬಾರದಷ್ಟು ಆಪರೇಷನ್ ಮಾಡಿದರು. ಮಂಚ ಸಾಲದೆ ನೆಲದ ಮೇಲೆ ಮಲಗಿಸಿದ್ದೆವು. ಗೋಡೆ ಮೇಲೆ "ಆರತಿಗೊಬ್ಬಳು, ಕೀರ್ತಿಗೊಬ್ಬ" ಅಂತ ಬಣ್ಣದಲ್ಲಿ ಬರೆದಿತ್ತು. ಅದರ ಕೆಳಗೇ ಮಲಗಿದ್ದರು.

ಆ ಕಾರ್ಡಿನವಳೂ, ನೆಲದ ಮೇಲೆ ಮಲಗಿದ್ದವರೂ ನನ್ನ ರಿಜಿಸ್ಟರಿನಲ್ಲಿ ಒಂದೇ ಕಾಲಂನಲ್ಲಿ ಇದ್ದಾರೆ. ಆದ್ದರಿಂದ ಕೇಳ್ತೀನಿ, ಈ ಅಮ್ಮ ಯಾರಿಗಾಗಿ ಕ್ಲಿನಿಕ್ ತೆರೆದರು? ಬಂದ ಹೆಂಗಸಿಗಾಗಿಯಾ, ಬೇರೆ ಏನಕ್ಕಾದರೂನಾ?

ಅಡ್ಡಮಾತು

ಗಾಂಧಿ ವಿಷಯ ತಪ್ಪಾಯ್ತು, ಒಪ್ಪಿದೆ. ಸಿಸ್ಟರ್ ಪ್ರಶ್ನೆಗೆ ನಾನು ಉತ್ತರ ಹೇಳ್ತೀನಿ, ಬೇರೆ ಏನಕ್ಕೋ. 1921ರಲ್ಲಿ ಕಟ್ಟಿದ ಸಂಘದ ಹೆಸರಿನಲ್ಲೇ "ಜನಾಂಗದ ಪ್ರಗತಿ" ಎಂದಿತ್ತು. ಹಂಚುತ್ತಿದ್ದ ರಬ್ಬರ್ ಟೋಪಿಯ ಬ್ರ್ಯಾಂಡ್ ಹೆಸರು "ಪ್ರೊ-ರೇಸ್". ಬಚ್ಚಿಟ್ಟಿರಲಿಲ್ಲ. 1920ರ "ರೇಡಿಯಂಟ್ ಮದರ್‌ಹುಡ್" ಪುಸ್ತಕದಲ್ಲಿ ಬಲವಂತದ ಸಂತಾನಹರಣಕ್ಕೆ ಕಾನೂನು ಬೇಕೆಂದು ನೇರವಾಗಿ ಕೇಳಿದ್ದಾರೆ. 1939ರ ಆಗಸ್ಟಿನಲ್ಲಿ, ಯುದ್ಧಕ್ಕೆ ತಿಂಗಳೂ ಇಲ್ಲದಾಗ, ತನ್ನ ಪ್ರೇಮಕವಿತೆಗಳ ಪುಸ್ತಕವನ್ನು ಹಿಟ್ಲರಿಗೆ ಕಳಿಸಿದರು. ಜೊತೆಗೆ ಕಾಗದ ಬೇರೆ.

ಮಗನ ವಿಷಯ ಕೇಳಿ. 1948ರಲ್ಲಿ ಹ್ಯಾರಿ ಮದುವೆಯಾದದ್ದು ಮೇರಿ ವಾಲಿಸ್ ಎಂಬ ಹುಡುಗಿಯನ್ನು. ಅಣೆಕಟ್ಟು ಒಡೆಯುವ ಪುಟಿಯುವ ಬಾಂಬ್ ಮಾಡಿದ ಬಾರ್ನ್ಸ್ ವಾಲಿಸ್‌ನ ಮಗಳು. ತಾಯಿ ಒಪ್ಪಲಿಲ್ಲ. ಕಾರಣ? ಹುಡುಗಿ ಕನ್ನಡಕ ಹಾಕ್ತಾಳೆ! ಮೊಮ್ಮಕ್ಕಳಿಗೆ ದೃಷ್ಟಿದೋಷ ಬರುತ್ತೆ ಅಂತ. ಸತ್ತಾಗ ಉಯಿಲಿನಲ್ಲಿ ಮಗನಿಗೆ ದೊಡ್ಡ ಆಕ್ಸ್‌ಫರ್ಡ್ ನಿಘಂಟು, ಇನ್ನೇನೋ ಸಣ್ಣಪುಟ್ಟದ್ದು. ಕ್ಲಿನಿಕ್ ಹೋದದ್ದು ಯುಜೆನಿಕ್ಸ್ ಸೊಸೈಟಿಗೆ, ಅಂದರೆ "ಯೋಗ್ಯರು" ಮಾತ್ರ ಹೆಚ್ಚಬೇಕು ಅನ್ನೋ ಸುಜನನವಾದಿಗಳ ಸಂಘಕ್ಕೆ. ಕನ್ನಡಕ ಹಾಕಿದ ನನ್ನಂಥವರ ಕಡೆಯಿಂದ ನಮಸ್ಕಾರ.

ಹಳೇ ಕಾಗದ

ಇದು ಕನ್ನಡಕದ ಕಥೆ ಅಷ್ಟೇ ಅಲ್ಲ. ಮಗನಿಗೆ ಜೊತೆ ಬೇಕೆಂದು ಹುಡುಗರನ್ನು ತಂದು ಮನೆಯಲ್ಲಿ ಇಟ್ಟುಕೊಂಡಿದ್ದರಂತೆ. ಒಬ್ಬೊಬ್ಬನಾಗಿ ಸರಿಬರಲಿಲ್ಲ ಎಂದು ವಾಪಸ್ ಕಳಿಸಿದರು. ಅಂಗಡಿಗೆ ಚಪ್ಪಲಿ ವಾಪಸ್ ಮಾಡಿದ ಹಾಗೆ. ಹಿಟ್ಲರನ ಕಾಗದಕ್ಕಿಂತ ನನಗೆ ಇದೇ ಜಾಸ್ತಿ ಚುಚ್ಚಿತು.

ಮ್ಯಾಂಚೆಸ್ಟರ್ ಮಳೆ

@ಅಡ್ಡಮಾತು ನೀವು ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ. ಆದರೆ ಸಿಸ್ಟರ್ ಪ್ರಶ್ನೆಗೆ ಅದು ಅರ್ಧ ಉತ್ತರ.

"ಮ್ಯಾರೀಡ್ ಲವ್" ಬಂದ ಮೇಲೆ ಆಕೆಗೆ ಸಾವಿರ ಸಾವಿರ ಕಾಗದ ಬಂದವು. ಗಣಿ ಕೆಲಸದವರ ಹೆಂಡತಿಯರು, ಸೈನಿಕರು, ಪಾದ್ರಿಗಳು ಕೂಡ. ಮತ್ತೆ ಬಸಿರಾದರೆ ಸಾಯುತ್ತೀ ಅಂತ ಡಾಕ್ಟರ್ ಹೇಳ್ತಾನೆ, ಆಗದೇ ಇರೋದು ಹೇಗೆ ಅಂತ ಹೇಳೋದಿಲ್ಲ, ಇದು ಮತ್ತೆ ಮತ್ತೆ ಬರುವ ದೂರು. ಆ ಕಾಗದಗಳಲ್ಲಿ ಕೆಲವನ್ನು ಸೇರಿಸಿ 1929ರಲ್ಲಿ "ಮದರ್ ಇಂಗ್ಲೆಂಡ್" ಅಂತ ಪುಸ್ತಕವನ್ನೇ ತಂದರು. ಬಂದ ಕಾಗದ ಎಸೆಯಲಿಲ್ಲ. ಪಳೆಯುಳಿಕೆ ಜೋಡಿಸಿಡುವವರ ಬುದ್ಧಿ ಅದು.

ಕ್ಲಿನಿಕ್ಕಿನಲ್ಲೂ ಹಾಗೇ. ಬಂದ ಮೊದಲ ಐದು ಸಾವಿರ ಹೆಂಗಸರ ಲೆಕ್ಕ ಇಟ್ಟು 1925ರಲ್ಲಿ ವರದಿ ಪ್ರಕಟಿಸಿದರು. ಆಕೆ ಬರೆದ ಸಿದ್ಧಾಂತ ಓದಿದರೆ ಮೈ ಉರಿಯುತ್ತದೆ. ಆದರೆ ಬಾಗಿಲಿಗೆ ಬಂದವಳನ್ನು ಬಲವಂತ ಮಾಡಿದ ಕ್ಲಿನಿಕ್ ಅಲ್ಲ ಅದು. ಕೇಳಿ ಬಂದವಳಿಗೆ ಕೇಳಿದ್ದನ್ನು ಕೊಟ್ಟು ಕಳಿಸಿತು. ಬರೆದ ಸ್ಟೋಪ್ಸ್ ಬೇರೆ, ಬಾಗಿಲು ತೆರೆದ ಸ್ಟೋಪ್ಸ್ ಬೇರೆ ಅಂತ ನನಗನ್ನಿಸುತ್ತೆ. ಗಾಡಿಯಲ್ಲಿ ಕೂತಿದ್ದ ನರ್ಸಿಗೆ ಜನಾಂಗದ ಚಿಂತೆ ಎಷ್ಟಿತ್ತೋ ಕಾಣೆ.

ಅಡ್ಡಮಾತು

ಬೇರೆ ಬೇರೆ ಅನ್ನೋದು ನಮ್ಮ ಅನುಕೂಲಕ್ಕೆ ಅಷ್ಟೇ. ಟೋಪಿ ಮೇಲೇ "ಪ್ರೊ-ರೇಸ್" ಅಂತ ಹೆಸರಿತ್ತಲ್ಲ! ಬಾಗಿಲಲ್ಲೇ ಸಿದ್ಧಾಂತ ಕೈಗೆ ಬರ್ತಿತ್ತು.

ಎರಡನೇ ಬೆಂಚು

ಕೋರ್ಟ್ ಕೇಸ್ ಬಗ್ಗೆ ಯಾರೂ ಬರೆಯಲಿಲ್ಲ?

ಗಿರಗಾಂವ್ ಗಡಿಯಾರ

ಚುಟುಕಾಗಿ ಹೇಳ್ತೀನಿ. ಹ್ಯಾಲಿಡೇ ಸದರ್‌ಲ್ಯಾಂಡ್ ಅನ್ನೋ ಕ್ಯಾಥೊಲಿಕ್ ಡಾಕ್ಟರ್ 1922ರಲ್ಲಿ ಒಂದು ಪುಸ್ತಕ ಬರೆದ. ಬಡವರ ಮೇಲೆ ಪ್ರಯೋಗ ನಡೀತಿದೆ ಎಂದ. ಆಕೆ ಮ್ಯೂನಿಕ್ಕಿನ ಜರ್ಮನ್ ಫಿಲಾಸಫಿ ಡಾಕ್ಟರ್ ಎಂದು ಕುಟುಕಿದ. ಯುದ್ಧ ಮುಗಿದು ನಾಲ್ಕೇ ವರ್ಷ, ಜರ್ಮನ್ ಅಂದರೆ ಬೈಗುಳ. ಆಕೆ ವೈದ್ಯೆ ಅಲ್ಲ ಅನ್ನೋದು ನಿಜವೇ, ಜನ ಹಾಗಂದುಕೊಂಡಿದ್ದರು. ಮಾನನಷ್ಟದ ಕೇಸ್ ಹಾಕಿದರು. 1923ರಲ್ಲಿ ಜ್ಯೂರಿ 100 ಪೌಂಡ್ ಕೊಡಿ ಅಂತು, ಜಡ್ಜ್ ತೀರ್ಪು ಆ ಡಾಕ್ಟರ ಪರ ಕೊಟ್ಟ. ಅಪೀಲಿನಲ್ಲಿ ಆಕೆ ಗೆದ್ದರು. 1924ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸೋತರು. ಅಷ್ಟರಲ್ಲಿ ಇಂಗ್ಲೆಂಡಿನ ಪ್ರತಿ ಪೇಪರ್ ಓದುವವನಿಗೂ ಕ್ಲಿನಿಕ್ ಇದೆ ಅಂತ ಗೊತ್ತಾಗಿತ್ತು. ಪುಕ್ಕಟೆ ಜಾಹೀರಾತು.

ಇನ್ನೊಂದು ವಿಚಿತ್ರ. ಆಕೆ ಬಹಿರಂಗವಾಗಿ ಗರ್ಭಪಾತದ ವಿರೋಧಿ. ಸತ್ತ ಮೇಲೆ, 1976ರಲ್ಲಿ, ಆಕೆಯ ಹೆಸರಿನಲ್ಲಿ ಶುರುವಾದ "ಮೇರಿ ಸ್ಟೋಪ್ಸ್ ಇಂಟರ್‌ನ್ಯಾಷನಲ್" ಸಂಸ್ಥೆ ಜಗತ್ತಿನ ತುಂಬ ಗರ್ಭಪಾತದ ಸೇವೆಗೇ ಹೆಸರಾಯಿತು. 2020ರಲ್ಲಿ ಅವರೇ ಆಕೆಯ ಹೆಸರು ತೆಗೆದುಹಾಕಿದರು, ಈ ಸುಜನನವಾದದ ಕಾರಣಕ್ಕೇ. ಈಗ "ಎಂಎಸ್‌ಐ ರಿಪ್ರೊಡಕ್ಟಿವ್ ಚಾಯ್ಸಸ್".

ಮ್ಯಾಂಚೆಸ್ಟರ್ ಮಳೆ

ಹೆಸರು ಉಳಿದಿರುವ ಒಂದು ಜಾಗ ನೋಡಿದ್ದೇನೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್‌ಲ್ಯಾಂಡ್. ಅಲ್ಲಿ ಹಳೇ ದೀಪಸ್ತಂಭವೊಂದನ್ನು ಕೊಂಡು ರಜಾದಿನಗಳಿಗೆ ಮನೆ ಮಾಡಿಕೊಂಡಿದ್ದರು. ಊರಿನ ಮ್ಯೂಸಿಯಂ ಶುರು ಮಾಡಿದ್ದೂ ಅವರೇ, 1930ರಲ್ಲಿ. ಸಣ್ಣ ಹುಲ್ಲಿನ ಚಾವಣಿ ಮನೆ. ಹೊರಗೆ ತೋಟದಲ್ಲಿ ಕಲ್ಲಾದ ಮರದ ಬೊಡ್ಡೆಗಳಿವೆ. ನಾನು ಹೋದ ದಿನ ಜಿಟಿಜಿಟಿ ಮಳೆ. ಒಂದು ಬೊಡ್ಡೆಯ ಮೇಲೆ ಕೈ ಇಟ್ಟೆ. ತೊಗಟೆಯ ಗೀರು ಹಾಗೇ ಇತ್ತು, ಮುಟ್ಟಿದರೆ ಮಾತ್ರ ತಣ್ಣಗೆ ಕಲ್ಲು. 1958ರಲ್ಲಿ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡಾಗ ಬೂದಿಯನ್ನು ಅಲ್ಲೇ, ಪೋರ್ಟ್‌ಲ್ಯಾಂಡ್ ಬಿಲ್ ಎಂಬ ಭೂತುದಿಯ ಎದುರಿನ ಸಮುದ್ರದಲ್ಲಿ ಬಿಟ್ಟರು.

ಇದ್ದಲು ಮಸಿ

ಎಲ್ಲರದ್ದೂ ಓದಿದೆ. ನಾನು ಮೊದಲು ಕೇಳಿದ ಪ್ರಶ್ನೆ ಈಗ ಅಷ್ಟು ಸರಿ ಅನ್ನಿಸ್ತಿಲ್ಲ. ಬಗೆ ಮಾಡುವ ಕಣ್ಣು ಎಂದೆ. ಆ ಕಾಲದಲ್ಲಿ ಕಲ್ಲಿದ್ದಲು ಮುಟ್ಟದವರೂ ಇದನ್ನೇ ಮಾತಾಡುತ್ತಿದ್ದರು. ಡಾಕ್ಟರು, ಮಂತ್ರಿ, ಸಾಹಿತಿ, ಎಲ್ಲರೂ. ಹಾಗಾದರೆ ತಪ್ಪು ಮೈಕ್ರೋಸ್ಕೋಪಿನದಲ್ಲ.

ಆದರೆ ಒಂದು ವ್ಯತ್ಯಾಸ ಇದೆ, ನಾನು ಕೆಲಸಗಾರನಾಗಿ ಹೇಳುವುದು. 1919ರ ಪ್ರಬಂಧದಲ್ಲಿ ಆಕೆ ಡ್ಯೂರೇನ್ ಕೆಟ್ಟದ್ದು, ವಿಟ್ರೇನ್ ಒಳ್ಳೆಯದು ಅನ್ನುವುದಿಲ್ಲ. ಮಂಕಾದದ್ದು ಮಂಕು, ಹೊಳೆಯುವುದು ಹೊಳಪು. ಹೀಗಿದೆ ಎಂದು ಬರೆದು ಬಿಟ್ಟಿದ್ದಾರೆ. ಇನ್ನೊಬ್ಬ ಮುರಿದು ನೋಡಿ ಅಲ್ಲ ಅನ್ನಬಹುದು. ಕಲ್ಲಿದ್ದಲಿನ ಮುಂದೆ ಅಷ್ಟು ತಾಳ್ಮೆ ಇದ್ದವರಿಗೆ ಸೊಸೆಯ ಕನ್ನಡಕದ ಮುಂದೆ ಒಂದು ನಿಮಿಷವೂ ಇರಲಿಲ್ಲ. "ಮ್ಯಾರೀಡ್ ಲವ್" ಪುಸ್ತಕದಲ್ಲೂ ಹಾಗೆ. ಹೆಂಗಸಿನ ಬಯಕೆ ತಿಂಗಳಲ್ಲಿ ಎರಡು ಸಲ ಅಲೆಯ ಹಾಗೆ ಏರಿಳಿಯುತ್ತದೆ ಎಂದು ಗ್ರಾಫ್ ಹಾಕಿ ತೋರಿಸಿದ್ದಾರೆ. ಗ್ರಾಫ್ ಚೆಂದ. ಕೆಳಗೆ ಎಷ್ಟು ಜನರನ್ನು ಕೇಳಿದ್ದು ಅಂತ ಹುಡುಕಿದರೆ ಕಲ್ಲಿದ್ದಲಿಗೆ ಕೊಟ್ಟಷ್ಟು ಆಧಾರ ಕಾಣುವುದಿಲ್ಲ.

ರಿಟೈರ್ಡ್ ಸಿಸ್ಟರ್

ಗ್ರಾಫ್ ತಪ್ಪಿರಬಹುದು. ಹೆಂಗಸಿಗೂ ಬಯಕೆ ಇದೆ ಅಂತ 1918ರಲ್ಲಿ ಅಚ್ಚು ಹಾಕಿಸಿದರಲ್ಲ. ಅದಕ್ಕೆ ನನ್ನದೊಂದು ಮಾರ್ಕ್.

ಎರಡನೇ ಬೆಂಚು

ಸರ್, ನಾಲ್ಕು ಬಗೆಯೂ ನಿಜಕ್ಕೂ ಬರಿಗಣ್ಣಿಗೆ ಕಾಣುತ್ತಾ? ನಮಗೆ ಲ್ಯಾಬಿನಲ್ಲಿ ಬರೀ ಸ್ಲೈಡ್ ತೋರಿಸಿದರು.

ಇದ್ದಲು ಮಸಿ

ಕಾಣುತ್ತೆ. ಹೆಬ್ಬೆರಳು ಗಾತ್ರದ ಪಟ್ಟೆ ಇರುವ ತುಂಡು ತಗೊಂಡು ಕಿಟಕಿ ಹತ್ತಿರ ಹೋಗು. ಅಡ್ಡಕ್ಕೆ ಹಿಡಿ. ತೆಳುವಾಗಿ ಗಾಜಿನ ಚೂರಿನಂತೆ ಮಿಂಚುವುದು ವಿಟ್ರೇನ್. ಒಡೆದರೂ ಗಾಜಿನ ಹಾಗೇ ಒಡೆಯುತ್ತೆ, ಬೆರಳಿಗೆ ಮಸಿ ಅಂಟುವುದಿಲ್ಲ. ರೇಷ್ಮೆ ಸೀರೆ ಅಂಚಿನ ಹಾಗೆ ಮೆಲ್ಲಗೆ ಹೊಳೆಯುವುದು ಕ್ಲಾರೇನ್. ಮಂಕಾಗಿ ಗಟ್ಟಿಯಾಗಿ ಇರುವುದು ಡ್ಯೂರೇನ್. ಇನ್ನು ಇದ್ದಿಲಿನ ಹಾಗೆ ಪುಡಿಪುಡಿ ಉದುರುವ ತೆಳು ಪದರ ಸಿಕ್ಕಿದರೆ ಅದು ಫ್ಯೂಸೇನ್. ಕಲ್ಲಿದ್ದಲು ಮುಟ್ಟಿದವರ ಕೈಯೆಲ್ಲ ಕಪ್ಪಾಗುವುದು ಹೆಚ್ಚಾಗಿ ಅದರಿಂದಲೇ.

ಸಿಸ್ಟರ್, ರಾಯಚೂರು ಕಡೆ ಬಂದರೆ ಹೇಳಿ. ಒಂದು ಪಟ್ಟೆ ತುಂಡು ತೆಗೆದಿಟ್ಟಿರ್ತೀನಿ.

ರಿಟೈರ್ಡ್ ಸಿಸ್ಟರ್

ಬರ್ತೀನಿ. ಸೋಪೂ ಇಟ್ಟಿರಿ.